ಸ್ಟ್ರೆಚ್ ಮಾಡಿದರೆ ಸ್ನಾಯು ನಿಜಕ್ಕೂ ಸಡಿಲ ಆಗುತ್ತಾ?

ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ ಬೆಳಗಾಗೆದ್ದು ಓಡೋಕೆ ಬರುವ ಹುಡುಗರ ಕಣ್ಣೆಲ್ಲ ಪೊಲೀಸ್ ಇಲ್ಲವೇ ಅಗ್ನಿವೀರ್ ಭರ್ತಿ ಮೇಲೆ. ಓಟಕ್ಕೂ ಮುಂಚೆ ಒಬ್ಬ ಕಾಲು ಚಾಚಿ ಕೂರುತ್ತಾನೆ, ಇನ್ನೊಬ್ಬ ಅವನ ಬೆನ್ನ ಮೇಲೆ ಭಾರ ಹಾಕಿ ಒತ್ತುತ್ತಾನೆ. ಕೂತವನ ಮುಖ ಕೆಂಪಾಗಿರುತ್ತದೆ. "ಹಿಂಗ ಜಗ್ಗಿದ್ರ ನರ ಸಡ್ಲ ಆಗ್ತಾವ್ರಿ ಅಣ್ಣಾ, ಓಡುವಾಗ ಪೆಟ್ಟ ಆಗಂಗಿಲ್ಲ" ಅಂದ ಒಬ್ಬ.

ಎಂಜಿನಿಯರಿಂಗ್ ಓದಿದವನಿಗೆ 'ಸಡಿಲ' ಅನ್ನೋ ಮಾತು ಕೇಳಿದ ಕೂಡಲೇ ಅದನ್ನು ಅಳೆಯೋದು ಹೇಗೆ ಅನ್ನಿಸುತ್ತೆ. ಅಳೆಯೋ ವಿಧಾನ ಇದೆ. ಸ್ನಾಯುವನ್ನು ಬಿಗಿಹಿಡಿಯದೆ ಸುಮ್ಮನೆ ಬಿಟ್ಟ ಕಾಲನ್ನು ಯಂತ್ರವೊಂದು ನಿಧಾನಕ್ಕೆ ಚಾಚುತ್ತದೆ. ಎಷ್ಟು ಕೋನಕ್ಕೆ ಕಾಲು ಎಷ್ಟು ಎದುರೊತ್ತುತ್ತದೆ ಅಂತ ಗ್ರಾಫ್ ಬರೆದರೆ ಅದರ ಇಳಿಜಾರೇ ಆ ಕೀಲಿನ ಬಿಗಿತ. ನಾವು ಪ್ರಯತ್ನಪಟ್ಟು ಒಡ್ಡುವ ಬಲ ಇದರಲ್ಲಿ ಇಲ್ಲದ್ದರಿಂದ ಇದಕ್ಕೆ ನಿಷ್ಕ್ರಿಯ ಬಿಗಿತ ಅಂತಾರೆ.

ಈ ಬಿಗಿತ ಬರೋದು ಸ್ನಾಯುವೊಂದರಿಂದಲೇ ಅಂತ ನಾನೂ ಅಂದುಕೊಂಡಿದ್ದೆ. 1962ರಲ್ಲಿ ಜಾನ್ಸ್ ಮತ್ತು ರೈಟ್ ಬೆಕ್ಕಿನ ಮಣಿಕಟ್ಟಿನ ಒಂದೊಂದೇ ಪದರ ಬಿಡಿಸಿ ಲೆಕ್ಕ ಹಾಕಿದರು. ಕೀಲನ್ನು ಸುತ್ತಿದ ಚೀಲದ ಪಾಲು ಶೇ. 47, ಸ್ನಾಯುವಿನದು 41, ಸ್ನಾಯುರಜ್ಜುವಿನದು 10, ಚರ್ಮದ್ದು 2. ಸ್ನಾಯುವಿನ ಒಳಗೂ ಎಳೆತಕ್ಕೆ ಎದುರು ನಿಲ್ಲೋದು ಮುಖ್ಯವಾಗಿ ಟೈಟಿನ್ ಎಂಬ ದೈತ್ಯ ಪ್ರೋಟೀನು, ಜೊತೆಗೆ ನಾರುಗಳನ್ನು ಹೊದ್ದುಕೊಂಡ ಕೊಲಾಜನ್ ಬಲೆ.

ಇವುಗಳ ಗುಣ ಅರ್ಧ ರಬ್ಬರಿನದು, ಅರ್ಧ ಬೆಲ್ಲದ ಪಾಕದ್ದು. ರಬ್ಬರ್ ಎಳೆದು ಬಿಟ್ಟರೆ ತಟ್ಟನೆ ಹಿಂದಕ್ಕೆ ಬರುತ್ತೆ, ಪಾಕ ನಿಧಾನಕ್ಕೆ ಜಾರುತ್ತೆ. ಹಾಗಾಗಿ ಕಾಲನ್ನು ಚಾಚಿ ಹಾಗೇ ಹಿಡಿದುಕೊಂಡರೆ ಎದುರೊತ್ತು ಇಳಿಯುತ್ತಾ ಹೋಗುತ್ತೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಮ್ಯಾಗ್ನುಸನ್ ತಂಡ ತೊಡೆಯ ಹಿಂಭಾಗದ ಸ್ನಾಯುವನ್ನು 90 ಸೆಕೆಂಡ್ ಚಾಚಿ ಹಿಡಿದಾಗ ಅದು ಸುಮಾರು ಶೇ. 30 ಇಳಿಯಿತು. ಅಂದರೆ ಹುಡುಗ ಹೇಳಿದ 'ಸಡ್ಲ' ಸುಳ್ಳೇನಲ್ಲ. ಆದರೆ ಐದು ಸಲ ಹಾಗೆ ಚಾಚಿದ ಮೇಲೂ ಒಂದು ತಾಸಿನೊಳಗೆ ಬಿಗಿತ ಮೊದಲಿನಷ್ಟೇ ಆಗಿತ್ತು.

ಹಾಗಾದ್ರೆ ದಿನಾ ಮಾಡಿದರೆ? ಅದೇ ತಂಡ ಮೂರು ವಾರ ಬೆಳಿಗ್ಗೆ-ಸಂಜೆ ಒಂದೇ ಕಾಲನ್ನು ಸ್ಟ್ರೆಚ್ ಮಾಡಿಸಿ ಇನ್ನೊಂದನ್ನು ಹಾಗೇ ಬಿಟ್ಟಿತು. ಆ ಕಾಲು ಮೊದಲಿಗಿಂತ ಹೆಚ್ಚು ಚಾಚಿತು, ಸರಿ. ಆದರೆ ಅದೇ ಕೋನದಲ್ಲಿ ಅಳೆದರೆ ಎದುರೊತ್ತು ಬದಲಾಗಿರಲೇ ಇಲ್ಲ. ಬದಲಾಗಿದ್ದು ನೋವು ಶುರುವಾಗುವ ಗೆರೆ. ತಿಂಗಳುಗಟ್ಟಲೆ, ಹೆಚ್ಚು ಹೊತ್ತು ಮಾಡಿದರೆ ಸ್ನಾಯುವಿನ ಬಿಗಿತವೂ ಸ್ವಲ್ಪ ಇಳಿಯುತ್ತೆ ಅಂತ ಈಚಿನ ಅಧ್ಯಯನಗಳು ಹೇಳುತ್ತವೆ. ಆದರೂ ಮೊದಲ ಕೆಲವು ವಾರಗಳ 'ಫ್ಲೆಕ್ಸಿಬಿಲಿಟಿ'ಯಲ್ಲಿ ದೊಡ್ಡ ಪಾಲು ತಡ್ಕೊಳ್ಳೋ ಶಕ್ತಿಯದ್ದು. ಉದ್ದ ಬದಲಾಗೋದೇ ಇಲ್ಲ ಅಂತಲ್ಲ. ಪ್ಲಾಸ್ಟರ್ ಹಾಕಿ ಸ್ನಾಯುವನ್ನು ಮುದುಡಿದ ಸ್ಥಿತಿಯಲ್ಲೇ ಇಟ್ಟ ಬೆಕ್ಕುಗಳಲ್ಲಿ ಅದರ ಉದ್ದದ ಸಾರ್ಕೊಮಿಯರ್‌ಗಳು ಶೇ. 40 ಕಡಿಮೆಯಾಗಿದ್ದವು ಅಂತ 1972ರ ಫ್ರೆಂಚ್ ಪ್ರಯೋಗವೊಂದು ತೋರಿಸಿತು. ಅದು ದಿನದ 24 ಗಂಟೆಯ ಮಾತು.

ಇನ್ನು ಪೆಟ್ಟಿನ ವಿಷಯ. ಭರ್ತಿ ಹುಡುಗರಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಸಿಗಲಿಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ಸೇನೆಗೆ ಹೊಸದಾಗಿ ಸೇರಿದ 1,538 ಮಂದಿಯನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಮಾತ್ರ ಕಸರತ್ತಿಗೂ ಮುಂಚೆ ಕಾಲಿನ ಸ್ಟ್ರೆಚಿಂಗ್ ಮಾಡಿಸಿದರು. 12 ವಾರದ ತರಬೇತಿ ಮುಗಿದಾಗ ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದು ಪ್ರಕಟವಾಗಿದ್ದು 2000ದಲ್ಲಿ. ನಮ್ಮ ಮೈದಾನಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಜಗ್ಗಿ ಹಿಡಿದರೆ ತಕ್ಷಣದ ಕಸುವು ಸರಾಸರಿ ಶೇ. 4.6 ಇಳಿಯುತ್ತೆ ಅಂತ 2016ರ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಸೆಕೆಂಡ್ ಲೆಕ್ಕದಲ್ಲಿ ಪಾಸು-ಫೇಲು ಆಗೋ ಓಟಕ್ಕೂ ಮುಂಚೆ ಈ ಸಾಹಸ ಬೇಡ. ನಿಧಾನಕ್ಕೆ ಓಡಿ ಮೈ ಬಿಸಿ ಮಾಡ್ಕೊಳ್ಳಿ, ಕಾಲು ಬೀಸಿ. ಬೆನ್ನ ಮೇಲೆ ಯಾರನ್ನೂ ಕೂರಿಸ್ಕೋಬೇಡಿ.

ಆ ಮೈದಾನದಾಚೆಗೂ ಇದೇ ಮೆಕ್ಯಾನಿಕ್ಸ್ ನಡೀತಿರುತ್ತೆ. ಚಿಕ್ಕೋಡಿ ಸೀಮೆಯಲ್ಲಿ ಕಬ್ಬು ಕಡಿಯೋ ಗ್ಯಾಂಗಿನವರು ತಾಸುಗಟ್ಟಲೆ ಬಗ್ಗಿಯೇ ಇರ್ತಾರೆ. ಅದೂ ಸ್ಟ್ರೆಚಿಂಗೇ, ಯಾರೂ ಹಾಗನ್ನೋದಿಲ್ಲ ಅಷ್ಟೆ. 1992ರಲ್ಲಿ ಮೆಕ್‌ಗಿಲ್ ಮತ್ತು ಬ್ರೌನ್ ಜನರನ್ನು 20 ನಿಮಿಷ ಪೂರ್ತಿ ಬಗ್ಗಿಸಿ ಕೂರಿಸಿದಾಗ ಸೊಂಟ ಪಾಕದ ಹಾಗೆ ಜಾರಿ, ಸರಾಸರಿ 5.5 ಡಿಗ್ರಿ ಹೆಚ್ಚು ಬಗ್ಗಿತು. ನೆಟ್ಟಗಾದ 2 ನಿಮಿಷದಲ್ಲಿ ಸುಮಾರು ಅರ್ಧ ಬಿಗಿತ ವಾಪಸ್ ಬಂತು. ಉಳಿದದ್ದು ಅರ್ಧ ತಾಸಾದರೂ ಪೂರ್ತಿ ಬರಲಿಲ್ಲ. ಬೆನ್ನೆಲುಬನ್ನು ಹಿಡಿದಿಡಬೇಕಾದ ಕಟ್ಟು ಅಷ್ಟು ಹೊತ್ತು ಸಡಿಲವಾಗೇ ಇರುತ್ತೆ. ಕಡಿದಾದ ಮೇಲೆ ಗ್ಯಾಂಗಿನವರು ಮಾಡೋದು ಅದೇ ಸೊಂಟದಿಂದ ಹೊರೆ ಎತ್ತಿ ತಲೆ ಮೇಲಿಟ್ಟು ಗಾಡಿಗೆ ಏರಿಸೋದು.

ಇವರಿಗೆ ಸೊಂಟನೋವು ಬಂದರೆ ಸಿಗೋ ಸಲಹೆ "ಸ್ವಲ್ಪ ಸ್ಟ್ರೆಚಿಂಗ್ ಮಾಡ್ರಿ". ಆಗಲೇ ಸಡಿಲವಾದ ಕಟ್ಟನ್ನು ಇನ್ನಷ್ಟು ಬಗ್ಗಿಸಿ ಏನುಪಯೋಗ? ಎತ್ತೋಕೂ ಮುಂಚೆ ನೆಟ್ಟಗೆ ನಿಂತು ಎರಡು ನಿಮಿಷವಾದರೂ ಸುಧಾರಿಸಿಕೊಳ್ಳಬೇಕು, ಕಡಿಯೋದು-ಎತ್ತೋದು ಬೆನ್ನಿಗೆ ಬೆನ್ನಿಗೆ ಬರಬಾರದು. ಕೂಲಿ ಮಾತ್ರ ಟನ್ ಲೆಕ್ಕದಲ್ಲಿ. ನಿಂತ ಹೊತ್ತಿಗೆ ದರ ಇಲ್ಲ.