ಅಷ್ಟೂರಿನಲ್ಲಿ ಅರಸು ವಲಿಯಾದ

ಹಲಬರ್ಗಾ, ಭಾಲ್ಕಿ ಕಡೆಯಿಂದ ರೈಲಿನಲ್ಲಿ ಬೀದರಕ್ಕೆ ಬರುವ ಪ್ರವಾಸಿಗರು ಕೋಟೆಯನ್ನೂ 1472ರ ಮಹಮೂದ್ ಗವಾನ್ ಮದರಸಾವನ್ನೂ ನೋಡಿ ಮರಳುವುದೇ ಹೆಚ್ಚು. ಊರಿನ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದ ಅಷ್ಟೂರು ಹಳ್ಳಿಯನ್ನು ಬಿಟ್ಟರೆ ಬೀದರ ನೋಡಿದ್ದು ಅರ್ಧವೇ ಸರಿ.

ಇಲ್ಲಿರುವುದು ಬಹಮನಿ ಸುಲ್ತಾನರ ಗೋರಿಗಳ ಸಾಲು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಅಹಮದ್ ಶಾಹನ (ಆಳ್ವಿಕೆ 1422-36) ಗೋರಿಯೊಳಗೆ ಬಂಗಾರ, ಕೆಂಪು ಬಣ್ಣಗಳ ಚಿತ್ತಾರವಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು, ಅಷ್ಟೆ. ವಿಜಯನಗರದ ಮೇಲಿನ ಯುದ್ಧದಲ್ಲಿ ಈತ ನಡೆಸಿದ ಕಗ್ಗೊಲೆಗಳನ್ನು ಇತಿಹಾಸಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಬರಗಾಲದಲ್ಲಿ ಇದೇ ಅರಸು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬ ನಂಬಿಕೆಯಿಂದ ಜನ ಅವನನ್ನು 'ವಲಿ' ಎಂದರು. ಹಿಂದೂ ಭಕ್ತರಿಗೆ ಆತ ಅಲ್ಲಮಪ್ರಭು! ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬರುತ್ತಾರೆ. ಮುಂದಾಳತ್ವ ಅವರದೇ.

ಇದೇ ಸಾಲಿನಲ್ಲಿ ಮೊಮ್ಮಗ ಹುಮಾಯೂನನ ಗೋರಿಯೂ ಇದೆ. 1458ರಿಂದ 1461ರವರೆಗೆ ಆಳಿ 'ಜಾಲಿಮ್' ಎಂಬ ಹೆಸರು ಹೊತ್ತವನು ಈತ. 1882ರಲ್ಲಿ ಸಿಡಿಲು ಬಡಿದು ಗುಮ್ಮಟ ಸೀಳಿತು. ಇದನ್ನು ಪಾಪದ ಫಲವೆನ್ನಲು ಯಾರಿಗೂ ಕಷ್ಟವಿಲ್ಲ. ಕಟ್ಟಡ ಕಲೆಯ ಆಸಕ್ತರಿಗೆ ಮಾತ್ರ ಅದೊಂದು ತೆರೆದ ಪಾಠ: ಅರ್ಧ ಉಳಿದ ಗುಮ್ಮಟದಲ್ಲಿ ಬಹಮನಿ ಗಾರೆಯವರ ಗೋಡೆಯ ದಪ್ಪವೂ ಬಾಗೂ ಬಯಲಾಗಿ ಕಾಣುತ್ತವೆ.