ಅಪಲೇಚಿಯನ್ ಕಾಡಿನ ಮರಗೆಲಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ, ಕಡಲ ತೀರಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಹಬ್ಬಿರುವ ಪರ್ವತಶ್ರೇಣಿಗೆ ಅಪಲೇಚಿಯನ್ ಎಂದು ಹೆಸರು. ಟೆನೆಸಿ ಮತ್ತು ಉತ್ತರ ಕ್ಯಾರೊಲಿನ ಪ್ರಾಂತಗಳ ಎಲ್ಲೆಯಲ್ಲಿರುವ ಅದರ ಶಿಖರಗಳನ್ನು, ನೀಲಿಯಾದ ಮಂಜು ಮುಸುಕಿರುವ ಕಾರಣದಿಂದ, ಸ್ಮೋಕಿ ಅಥವಾ ಹೊಗೆಬೆಟ್ಟಗಳೆಂದು ಕರೆಯುತ್ತಾರೆ. ಆ ಕಾಡು ಕಡಿಯಲ್ಪಟ್ಟ ಕಥೆಯಲ್ಲಿ ಕೊಡಲಿಗಿಂತಲೂ ರೈಲಿನ ಪಾತ್ರವೇ ದೊಡ್ಡದೆಂದು ನಮಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟದ ಒಕ್ಕಲಿಗರು ಮೆಕ್ಕೆಜೋಳ ಬೆಳೆದು, ಹಂದಿಗಳನ್ನು ಚೆಸ್ಟ್‌ನಟ್ ಮರಗಳ ಕೆಳಗೆ ಮೇಯಬಿಟ್ಟು ಜೀವಿಸುತ್ತಿದ್ದರು. ಮರ ಕಡಿದರೆ ದಿಮ್ಮಿಯನ್ನು ಎತ್ತುಗಳಿಂದ ಹಳ್ಳದವರೆಗೆ ಎಳೆಸಬೇಕು. ಹಳ್ಳಕ್ಕೆ ಅಡ್ಡಲಾಗಿ ಮರದ ಕಟ್ಟೆ ಕಟ್ಟಿ, ನೀರು ತುಂಬಿದ ಮೇಲೆ ಥಟ್ಟನೆ ತೆರೆದರೆ, ದಿಮ್ಮಿಗಳೆಲ್ಲ ಪ್ರವಾಹದೊಡನೆ ಕೆಳಕ್ಕೆ ನುಗ್ಗುವುವು. ಹಳ್ಳದಿಂದ ದೂರವಾಗಿ, ಮೇಲಿನ ಇಳಿಜಾರುಗಳಲ್ಲಿ ನಿಂತ ಮರಗಳಿಗೆ ಹೀಗೆ ಅಪಾಯವಿರಲಿಲ್ಲ.

ಮಿಷಿಗನ್ ಪ್ರಾಂತದ ಮರದ ಉದ್ಯಮಿ ಇಫ್ರೇಮ್ ಷೇ ಎಂಬವನು 1881ರಲ್ಲಿ ಪೇಟೆಂಟು ಪಡೆದ ಇಂಜಿನು ಈ ಸ್ಥಿತಿಯನ್ನು ಬದಲಾಯಿಸಿತು. ಇದರ ಸಿಲಿಂಡರುಗಳು ಬಾಯ್ಲರಿನ ಬಲಮಗ್ಗುಲಲ್ಲಿ ನೆಟ್ಟಗೆ ನಿಂತಿದ್ದುವು. ಅವು ಪಕ್ಕದಲ್ಲಿನ ಉದ್ದನೆಯ ದಂಡವೊಂದನ್ನು ತಿರುಗಿಸುತ್ತಿದ್ದುವು. ಆ ದಂಡವು ಹಲ್ಲುಚಕ್ರಗಳ ಮೂಲಕ ಇಂಜಿನಿನ ಪ್ರತಿಯೊಂದು ಗಾಲಿಯನ್ನೂ ತಿರುಗಿಸುತ್ತಿದ್ದಿತು. ನೋಡಲು ವಿಕಾರ, ನಡಿಗೆ ನಿಧಾನ. ಆದರೆ ಕಡಿದಾದ ಏರನ್ನೂ ಮೊಣಕೈ ತಿರುವುಗಳನ್ನೂ ಅದು ಹೆದರದೆ ದಾಟುತ್ತಿದ್ದಿತು.

1901ರಲ್ಲಿ ಪೆನ್ಸಿಲ್ವೇನಿಯದ ಡಬ್ಲ್ಯು. ಬಿ. ಟೌನ್ಸೆಂಡ್ ಎಂಬವರು ಇಲ್ಲಿ ಲಿಟ್ಲ್ ರಿವರ್ ಲಂಬರ್ ಕಂಪೆನಿಯನ್ನು ಸ್ಥಾಪಿಸಿದರು. ಕಣಿವೆಯ ಬಾಯಲ್ಲಿ ಮರ ಕೊಯ್ಯುವ ಕಾರ್ಖಾನೆ ಎದ್ದಿತು. ಊರಿಗೂ ಅವರ ಹೆಸರೇ ಬಂದಿತು. ಕಾರ್ಖಾನೆಯಿಂದ ಕಂಬಿಗಳು ಒಂದೊಂದೇ ಕಣಿವೆಯನ್ನು ಹೊಕ್ಕುವು. ಕಂಬಿ ಮುಟ್ಟದ ಇಳಿಜಾರುಗಳಿಂದ ಉಗಿಯಂತ್ರಗಳು ಉಕ್ಕಿನ ಹಗ್ಗದಲ್ಲಿ ದಿಮ್ಮಿಗಳನ್ನು ಎಳೆತರುತ್ತಿದ್ದುವು. ದಾರಿಯಲ್ಲಿದ್ದ ಎಳೆಯ ಗಿಡಗಳು ನುಚ್ಚುನೂರಾಗುತ್ತಿದ್ದುವು.

ಕೂಲಿಗಾರರ ಮನೆಗಳೂ ರೈಲಿನ ಮೇಲೆಯೇ ಬಂದುವು. ಹಲಗೆಯ ಪೆಟ್ಟಿಗೆಯಂತಿದ್ದ ಒಂದು ಕೋಣೆಯ ಮನೆ. ದಿಮ್ಮಿ ಎತ್ತುವ ಯಂತ್ರವೇ ಅದನ್ನು ಗಾಡಿಯಿಂದೆತ್ತಿ ಕಂಬಿಯ ಪಕ್ಕದಲ್ಲಿ ಇಳಿಸುತ್ತಿದ್ದಿತು. ಸಂಸಾರ ದೊಡ್ಡದಾದರೆ ಎರಡನ್ನು ಸೇರಿಸುವುದು. ಸುತ್ತಲಿನ ಮರ ಮುಗಿದರೆ ಮನೆಯನ್ನು ಮತ್ತೆ ಗಾಡಿಗೇರಿಸಿ ಮುಂದಿನ ಕಣಿವೆಗೆ ಸಾಗಿಸುವುದು. ಟ್ರೆಮಾಂಟ್ ಎಂಬ ಶಿಬಿರದಲ್ಲಿ ಒಂದೇ ಕಟ್ಟಡವು ಶಾಲೆ, ದೇವಾಲಯ, ಸಿನೆಮಾ ಮೂರೂ ಆಗಿದ್ದಿತು. ಅಮೆರಿಕದ ಇಂತಹ ಹಲವು ಶಿಬಿರಗಳಲ್ಲಿ ಊಟದ ಮೇಜಿನ ಬಳಿ ಯಾರೂ ಮಾತನಾಡಕೂಡದೆಂಬ ಕಟ್ಟಳೆಯಿದ್ದಿತು; ಹರಟೆಗೆ ಹೊತ್ತು ಹೋಗಬಾರದು, ಜಗಳವೂ ಹುಟ್ಟಬಾರದು! ಗರಗಸ, ಉಕ್ಕಿನ ಹಗ್ಗ, ಇಳಿಜಾರಿನಲ್ಲಿ ಹಿಡಿತ ತಪ್ಪುವ ಗಾಡಿ ಇವುಗಳಿಂದ ಕೈಕಾಲು ಕಳೆದುಕೊಂಡವರೂ ಸತ್ತವರೂ ಉಂಟು. ಆದರೂ ಬೆಟ್ಟದ ಜನ ಈ ಕೆಲಸಕ್ಕೆ ಸಂತೋಷದಿಂದಲೇ ಬಂದರೆಂಬುದನ್ನು ನಾವು ಮರೆಯಲಾಗದು. ನಗದು ಕೂಲಿಯನ್ನು ಕಾಣುವುದೇ ಅಪರೂಪವಾಗಿದ್ದವರಿಗೆ ಸಂಬಳ ಅಲ್ಪವಸ್ತುವಲ್ಲ.

ಕಾಡನ್ನು ಉಳಿಸಿಕೊಂಡೇ ಮರ ತೆಗೆಯುವ ವಿದ್ಯೆ ಆ ನಾಡಿಗೆ ಅಪರಿಚಿತವಾಗಿರಲಿಲ್ಲ. ಇದೇ ಶ್ರೇಣಿಯ ಬಿಲ್ಟ್‌ಮೋರ್ ಎಂಬಲ್ಲಿ ಷೆಂಕ್ ಎಂಬ ಜರ್ಮನ್ ವಿದ್ವಾಂಸರು 1898ರಲ್ಲಿಯೇ ಅರಣ್ಯಶಾಸ್ತ್ರದ ಶಾಲೆಯನ್ನು ತೆರೆದಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಡೀಟ್ರಿಕ್ ಬ್ರಾಂಡಿಸ್, 1864ರಲ್ಲಿ ಭರತಖಂಡದ ಅರಣ್ಯಗಳಿಗೆ ಪ್ರಥಮ ಇನ್ಸ್‌ಪೆಕ್ಟರ್ ಜನರಲ್ ಆದವರು. ಆದರೆ ಆ ವಿದ್ಯೆಯು ಫಲ ಕೊಡಲು ದಶಕಗಳು ಬೇಕು. ಕಂಪೆನಿಯ ಸಾಲಕ್ಕೆ ಬಡ್ಡಿ ವರ್ಷವರ್ಷವೂ ಬರುತ್ತದೆ. ಕಡಿದ ಮೇಲೆ ಬಿಟ್ಟ ರೆಂಬೆಸೊಪ್ಪು ಒಣಗಿ ಕಾಳ್ಗಿಚ್ಚಿಗೆ ಆಹಾರವಾಯಿತು. 1925ರಲ್ಲಿ ಶ್ರೇಣಿಯ ನೆತ್ತಿಯಲ್ಲಿ ಹಬ್ಬಿದ ಅಂತಹ ಬೆಂಕಿಗೆ ಮಣ್ಣೇ ಸುಟ್ಟಿತು. 1929ರ ಮಳೆ ಅದನ್ನು ಕೊಚ್ಚಿ, ಬರಿಯ ಬಂಡೆಯನ್ನು ಉಳಿಸಿತು.

1926ರಲ್ಲಿ ಕಂಪೆನಿಯು ರಾಷ್ಟ್ರೀಯೋದ್ಯಾನಕ್ಕಾಗಿ ಸುಮಾರು 76,500 ಎಕರೆಗಳನ್ನು ಮಾರಿತು; ಆದರೆ ಇನ್ನೂ 15 ವರ್ಷ ಮರ ಕಡಿಯುವ ಹಕ್ಕನ್ನು ಉಳಿಸಿಕೊಂಡಿತು. ಆದಕಾರಣ 1934ರಲ್ಲಿ ಉದ್ಯಾನ ಸ್ಥಾಪಿತವಾದ ಮೇಲೆಯೂ ಅದರೊಳಗೆ ಗರಗಸದ ಸದ್ದು ನಿಲ್ಲಲಿಲ್ಲ. 1939ರಲ್ಲಿ ಕೆಲಸ ಮುಗಿಯುವ ವೇಳೆಗೆ ಕೊಯ್ದ ಮರ ಸುಮಾರು 56 ಕೋಟಿ ಬೋರ್ಡ್ ಅಡಿ. ಒಂದಡಿ ಚದರದ, ಒಂದಂಗುಲ ದಪ್ಪದ ಹಲಗೆಗೆ ಒಂದು ಬೋರ್ಡ್ ಅಡಿಯೆಂದು ಲೆಕ್ಕ. ಕಂಬಿಗಳನ್ನು ಕಿತ್ತ ಮೇಲೆ ಆ ದಾರಿಯ ಮೇಲೆಯೇ ರಸ್ತೆ ಹಾಕಿದರು. ಯಾತ್ರಿಕರ ಮೋಟಾರುಗಳು ಹೊಳೆಯ ಪಕ್ಕದಲ್ಲಿ ಇಂದಿಗೂ ರೈಲು ಕೊರೆದ ಆ ತಿರುವುಗಳಲ್ಲಿಯೇ ಸಾಗುತ್ತವೆ. ಷೇ ಇಂಜಿನುಗಳಲ್ಲಿ ಒಂದನ್ನು ಟೌನ್ಸೆಂಡ್ ಊರಿನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ.