ಢಾಕಾದ ಶಾಸನಸಭೆಯಲ್ಲಿ ಕೇಳಿದ ಭಾಷೆ

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಢಾಕಾದ ಇತಿಹಾಸ ಓದುವಾಗ ಮುಜುಗರವಾಗುತ್ತದೆ. ನಾವು ಪ್ರೀತಿಸುವ ಭಾಷೆಯನ್ನೇ ಪಾಕಿಸ್ತಾನದ ಆಳುವವರು ಬಂಗಾಳಿಗಳ ಮೇಲೆ ಹೇರಹೊರಟರು. 1952ರ ಫೆಬ್ರವರಿಯಲ್ಲಿ ಅದನ್ನು ವಿರೋಧಿಸಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರಲ್ಲಿ ಬಂಗಾಳಿಗೆ ಮಾನ್ಯತೆ ಸಿಕ್ಕರೂ ಅಧಿಕಾರವೆಲ್ಲ ಪಶ್ಚಿಮದಲ್ಲೇ ಉಳಿಯಿತು; ಅಸಮಾಧಾನ ಆರಲಿಲ್ಲ.

ಅದನ್ನು ತಣಿಸಲೆಂದು ಜನರಲ್ ಅಯೂಬ್ ಖಾನ್ ಢಾಕಾಕ್ಕೆ ಎರಡನೇ ರಾಜಧಾನಿಯ ಪಟ್ಟ ಕೊಟ್ಟು, ಶಾಸನಸಭೆಯ ಸಂಕೀರ್ಣ ಕಟ್ಟಿಸತೊಡಗಿದರು. ಅಲ್ಲಿನ ವಾಸ್ತುಶಿಲ್ಪಿ ಮಝರುಲ್ ಇಸ್ಲಾಂ ಕೆಲಸವನ್ನು ತಾವೇ ಇಟ್ಟುಕೊಳ್ಳದೆ, ಹೊರಗಿನ ದೊಡ್ಡ ಶಿಲ್ಪಿಯನ್ನು ಕರೆಸಿ ಎಂದರು. 1962ರಲ್ಲಿ ಅಮೆರಿಕದ ಯಹೂದಿ ವಾಸ್ತುಶಿಲ್ಪಿ ಲೂಯಿ ಕಾನ್ ಒಪ್ಪಿಕೊಂಡರು.

ನೀರಿನ ನಡುವೆ ಕೋಟೆಯಂತೆ ನಿಂತ ಕಾಂಕ್ರೀಟ್ ಗೋಡೆಗಳು; ಐದೈದು ಅಡಿಗೊಂದು ಬಿಳಿ ಅಮೃತಶಿಲೆಯ ಪಟ್ಟಿ; ಬೆಳಕಿಗೆ ವೃತ್ತ, ತ್ರಿಕೋನದ ಭಾರಿ ಕಿಂಡಿಗಳು. ಸುತ್ತಲಿನ ವಸತಿಗಳೋ ಕೆಂಪು ಇಟ್ಟಿಗೆಯವು. ಪ್ರಾರ್ಥನಾಗೃಹ ಮಾತ್ರ ಇಡೀ ಕಟ್ಟಡದ ನೇರದಿಂದ ಕೊಂಚ ಓರೆಯಾಗಿ ಕಿಬ್ಲಾದತ್ತ ತಿರುಗಿದೆ.

1971ರ ಯುದ್ಧದಲ್ಲಿ ಕೆಲಸ ನಿಂತಿತು. 1974ರಲ್ಲಿ ಕಾನ್ ತೀರಿಕೊಂಡರು. ಕಟ್ಟಡ ಮುಗಿದ 1982ರಲ್ಲೇ ಜನರಲ್ ಎರ್ಷಾದ್ ಅಧಿಕಾರ ಕಸಿದರು. 2024ರ ಆಗಸ್ಟ್ 5ರಂದು, ಶೇಖ್ ಹಸೀನಾ ದೇಶ ಬಿಟ್ಟ ದಿನ, ಜನ ಇದೇ ಭವನಕ್ಕೆ ನುಗ್ಗಿದರು.

ಆಳುವವರು ಬಂದರು, ಹೋದರು. ಆದರೆ ಉರ್ದು ಹೇರಹೊರಟ ದೇಶ ಕಟ್ಟಲು ತೊಡಗಿದ ಈ ಸಭೆಯಲ್ಲಿ ಕೊನೆಗೂ ಕೇಳಿದ್ದು ಬಂಗಾಳಿ. ಅದೇ ನ್ಯಾಯವೆಂದು ಉರ್ದು ಬಲ್ಲ ನಮಗೂ ಅನಿಸುತ್ತದೆ.